ರಾಣಿಯ ಕೈ, ಅಕ್ಕನ ಕೈ

ಡಿ.ವಿ.ಜಿ. ಅವರು ಕನ್ನಡಕ್ಕೆ ತಂದ 'ಮ್ಯಾಕ್‌ಬೆತ್' ನಾಟಕವನ್ನು ತರಗತಿಯಲ್ಲಿ ಹೇಳುವಾಗ, ರಾಣಿಯು ನಿದ್ದೆಯಲ್ಲೇ ಎದ್ದು ಬಂದು ಕೈ ಉಜ್ಜಿಕೊಳ್ಳುವ ದೃಶ್ಯದ ಬಳಿ ನಾನು ತಡವರಿಸುವುದುಂಟು. "ಸಾರ್, ಇದು ಒ.ಸಿ.ಡಿ. ಅಲ್ಲವೆ? ಗೀಳು ಕಾಯಿಲೆ?" ಎಂದು ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲವೆಂದೇ ನನ್ನ ಉತ್ತರ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಮನೆಯಲ್ಲಿ.

ನನ್ನ ಅಕ್ಕ ಚರ್ಮ ಬಿರಿಯುವ ತನಕ ಕೈ ತೊಳೆಯುತ್ತಿದ್ದಳು. ಬಹುಕಾಲ ನಾವದನ್ನು ಮಡಿಯೆಂದೇ ತಿಳಿದಿದ್ದೆವು. ಆದರೆ ಮಡಿಗೆ ಒಂದು ಕೊನೆಯುಂಟು, ಮಿಂದರೆ ಮುಗಿಯಿತು. ಅಕ್ಕನಿಗೆ ಆ 'ಮುಗಿಯಿತು' ಎಂಬ ನೆಮ್ಮದಿಯೇ ಬರುತ್ತಿರಲಿಲ್ಲ. ಕೈ ಶುಚಿಯಾಗಿದೆಯೆಂದು ಬುದ್ಧಿ ಹೇಳುತ್ತಿತ್ತು. ಆಗಿರದೆ ಮಗುವಿಗೇನಾದರೂ ಆದರೆ, ಎಂದು ಮನಸ್ಸು ಕೇಳುತ್ತಿತ್ತು. ಇಸ್ಪೀಟಿನ ಗೀಳಿನಲ್ಲಾದರೂ ಸುಖವುಂಟು, ಈ ಗೀಳಿನಲ್ಲಿ ಅದೂ ಇಲ್ಲ.

ರಾಣಿ ಕೊಲೆಯಲ್ಲಿ ಪಾಲುಗೊಂಡವಳು. ಅವಳ ಕೈಯ ಕಲೆ ಕಣ್ಣಿಗೆ ಸುಳ್ಳಾದರೂ ಮನಸ್ಸಾಕ್ಷಿಗೆ ನಿಜ. ಅಕ್ಕನಾದರೋ ಇರುವೆಯನ್ನೂ ನೋಯಿಸಿದವಳಲ್ಲ. ಇವರಿಬ್ಬರನ್ನು ಒಂದೇ ಎನ್ನುವ ವಿಮರ್ಶೆ, ರೋಗಿಯ ತಲೆಗೆ ಇಲ್ಲದ ಪಾಪವನ್ನು ಕಟ್ಟುತ್ತದೆ.

ಅಕ್ಕನ ನಿಜವಾದ ಬಂಧುಗಳು ಬೇರೆ ಕಡೆ ಇದ್ದಾರೆ. ಸೆರೆಯಲ್ಲಿದ್ದ ಜಾನ್ ಬನಿಯನ್ 1666ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ನೋಡಿ. ತಾನು ನಂಬಿದ ಕ್ರಿಸ್ತನನ್ನೇ ಮಾರಿಬಿಡು ಎಂಬ ಯೋಚನೆ, ಊಟಕ್ಕೆ ಕೂತಾಗ, ಕಟ್ಟಿಗೆ ಕಡಿಯುವಾಗ, ಬೇಡಬೇಡವೆಂದರೂ ಆತನ ಮೇಲೆ ನುಗ್ಗುತ್ತಿತ್ತಂತೆ. ಯಾವುದು ಅತ್ಯಂತ ಪ್ರಿಯವೋ ಅದನ್ನೇ ಹಿಡಿದು ಹಿಂಸಿಸುವುದು ಈ ರೋಗದ ರೀತಿ. ಇನ್ನು ಡಾಕ್ಟರ್ ಜಾನ್ಸನ್. ಬಾಗಿಲು ದಾಟುವಾಗ ಹೆಜ್ಜೆಯ ಲೆಕ್ಕ ತಪ್ಪಿದರೆ ಆತ ಹಿಂದಿರುಗಿ ಮತ್ತೆ ಮೊದಲಿನಿಂದ ನಡೆಯುತ್ತಿದ್ದನೆಂದು ಬಾಸ್ವೆಲ್ 1791ರಲ್ಲಿ ಬರೆದ. ಬಿಡಿಸಿಕೊಳ್ಳಲು ವಿವೇಕದ ನೆರವು ಕೇಳದೆ ಉಳಿಸಿಕೊಂಡ ಮೂಢಾಭ್ಯಾಸ ಇದೆಂಬುದು ಅವನ ಊಹೆ. ಕಣ್ಣಾರೆ ಕಂಡದ್ದನ್ನು ಅಷ್ಟು ಚೆನ್ನಾಗಿ ಬರೆದವನು ಅರ್ಥ ಹೇಳುವಲ್ಲಿ ಎಡವಿದ. ನಿಘಂಟನ್ನು ರಚಿಸಿದ ಆ ಮಹಾಬುದ್ಧಿಗೆ ವಿವೇಕದ ಕೊರತೆಯಿತ್ತೆ?

ಬಾಸ್ವೆಲ್ಲನನ್ನು ದೂರುವ ಅಧಿಕಾರ ನನಗೂ ಇಲ್ಲ. "ಕೈ ಶುದ್ಧವಾಗಿದೆ, ಅಕ್ಕ" ಎಂದು ದಿನಕ್ಕೆ ಹತ್ತು ಸಲ ಸಮಾಧಾನ ಹೇಳಿದವನು ನಾನೇ. ಪ್ರತಿಯೊಂದು ಸಮಾಧಾನವೂ ಇನ್ನೊಂದು ಪ್ರಶ್ನೆಯನ್ನು ಕರೆಯುತ್ತಿತ್ತು. ಕಾಯಿಲೆಗೆ ನೀರೆರೆಯುತ್ತಿದ್ದವನು ನಾನೆಂದು ವೈದ್ಯರು ಹೇಳಿದ ಮೇಲೆಯೇ ತಿಳಿಯಿತು.

ನಾಟಕದ ವೈದ್ಯ, ಈ ರೋಗ ತನ್ನ ವಿದ್ಯೆಗೆ ಮೀರಿದುದೆಂದು ಕೈಚೆಲ್ಲುತ್ತಾನೆ. ಅಕ್ಕನ ವೈದ್ಯರು ಕೈಚೆಲ್ಲಲಿಲ್ಲ. ಔಷಧದೊಡನೆ ಒಂದು ಕಠಿಣ ಅಭ್ಯಾಸವನ್ನೂ ಕಲಿಸಿದರು: ಅಂಜಿದ್ದನ್ನು ಮುಟ್ಟಿ, ತೊಳೆಯದೆ, ಭಯ ತಾನಾಗಿ ಇಳಿಯುವವರೆಗೆ ಕುಳಿತಿರುವುದು. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ಇಂಥದೊಂದು ದಾರಿಯನ್ನು ತೋರಿದ್ದ.

ಸಂಶಯ ಇಂದಿಗೂ ಬಂದು ಬಾಗಿಲು ತಟ್ಟುವುದುಂಟು. ಪ್ರತಿಸಲವೂ ಅಕ್ಕ ಎದ್ದು ಹೋಗುವುದಿಲ್ಲ. ಅವಳು ಕೇಳಿದಾಗ ನಾನೂ ಈಗ ಉತ್ತರ ಕೊಡದೆ, ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ.