ಶಲ್ಯನಿಗೂ ಒಂದು ಪ್ಯಾರಾ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ಇನ್ನು ದೀಪಾವಳಿವರೆಗೆ, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯ ಕಾಲ. ಈ ಕೂಟಗಳ ವಿಮರ್ಶೆ ಓದುತ್ತ ಹೋದಂತೆ ಜರೂರಿನ ಮಾತೊಂದು ಮುಂದೆ ಬಂತು.

ಕರ್ಣಪರ್ವದ ಕೂಟದ ವಿಮರ್ಶೆಯೆಂದರೆ ಕರ್ಣನಿಗೆ ಮೂರು ಪ್ಯಾರಾ, ಅರ್ಜುನನಿಗೆ ಒಂದು. ಶಲ್ಯ ಮಾತ್ರ 'ಪಾತ್ರಕ್ಕೆ ನ್ಯಾಯ ಒದಗಿಸಿದವರ' ಪಟ್ಟಿಯಲ್ಲಿ. ಹಿಮ್ಮೇಳ 'ಸಹಕರಿಸಿದವರ' ಸಾಲಿನಲ್ಲಿ. ಇದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ಕಿವುಡುತನ. ಕರ್ಣನ ಅರ್ಥ ಏರುವುದೂ ಇಳಿಯುವುದೂ ಶಲ್ಯನ ಮಾತಿನ ಮೇಲೆ. ಮನಸ್ಸಿಗೆ ಬಂದದ್ದನ್ನು ಆಡುತ್ತೇನೆಂಬ ಕರಾರಿನ ಮೇಲೆ ಸಾರಥ್ಯಕ್ಕೆ ಒಪ್ಪಿದವನು ಅವನು. ಅತ್ತ ಧರ್ಮರಾಯನಿಗೆ ಕರ್ಣನ ತೇಜೋವಧೆಯ ಮಾತು ಕೊಟ್ಟವನು. ಸರ್ಪಾಸ್ತ್ರ ಹೂಡಿದಾಗ, ಕೊರಳಿಗಿಟ್ಟ ಗುರಿಯನ್ನು ಎದೆಗೆ ಇಳಿಸು ಎನ್ನುತ್ತಾನೆ. ಆ ಮಾತು ಮೂದಲಿಕೆಯ ಧಾಟಿಯಲ್ಲಿ ಬಂದರೆ ಕರ್ಣನಿಗೆ ಸಿಡುಕಿ ಬಿಡುವುದು ಸುಲಭ. ಯುದ್ಧ ಬಲ್ಲ ಹಿರಿಯನ ಕಳಕಳಿಯಾಗಿ ಬಂದರೆ? ಹಿತವಚನವನ್ನು ತಳ್ಳಿಹಾಕಲು ಕರ್ಣ ಕಾರಣ ಹುಡುಕಬೇಕು, ಹೂಡಿದ ಬಾಣ ಬದಲಿಸೆನೆಂಬ ಹಠವನ್ನು ತನ್ನ ಇಡೀ ಬಾಳಿನಿಂದ ಸಮರ್ಥಿಸಬೇಕು. ಮುನಿದ ಶಲ್ಯ ರಥವಿಳಿದು ನಡೆದಾಗ ಕರ್ಣನ ಒಂಟಿತನ ಸಭೆಗೆ ತಟ್ಟುವುದು ಆಗಲೇ. ಕರ್ಣನನ್ನು ಹೊಗಳುವ ವಿಮರ್ಶಕ ಶಲ್ಯನ ಆ ಒಂದು ಮಾತನ್ನು ಕೇಳಿಸಿಕೊಳ್ಳದಿದ್ದರೆ ಕರ್ಣನನ್ನೂ ಕೇಳಿಸಿಕೊಂಡಿಲ್ಲ.

ಹೊಗಳಿಕೆಯ ಪಂಥ ಒಂದಾದರೆ, ಇದಕ್ಕೆ ಎದುರಾಗಿ ಶುದ್ಧತೆಯ ಪಂಥವೊಂದಿದೆ. ಅವರ ಕೈಯಲ್ಲಿ ಸದಾ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಗ್ರಂಥದ ಋಣ ನಮ್ಮೆಲ್ಲರ ಮೇಲಿದೆ; ವೇಷ, ಬಣ್ಣ, ಹಾಡಿನ ಮಟ್ಟುಗಳನ್ನು ಊರೂರು ಅಲೆದು ನೋಡಿ, ಕೇಳಿ ಬರೆಯುವ ಶಿಸ್ತನ್ನು ಕಲಿಸಿದ್ದೇ ಅದು. ಆದರೆ ಅದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟರು, ಪಿಟೀಲು, ಸ್ಯಾಕ್ಸೊಫೋನ್ ತಂದರು. ಅವರ ಹೆಸರು ಹಿಡಿದು ಹೊಸತನ್ನೆಲ್ಲ ಅಪಚಾರವೆನ್ನುವುದು, ಬಡಗುತಿಟ್ಟಿನ ಅಳತೆಯಲ್ಲಿ ತೆಂಕುತಿಟ್ಟನ್ನು ಅಳೆಯುವುದು ನನಗೆ ಯಾವತ್ತೂ ಒಪ್ಪಿತವಾಗಿಲ್ಲ. ಅವರಿಂದ ಕಲಿಯಬೇಕಾದದ್ದು ತೀರ್ಪನ್ನಲ್ಲ, ನೋಟವನ್ನು.

ಮಹಿಳೆಯರ ವಿಷಯದಲ್ಲಂತೂ ಈ ನೋಟ ಇನ್ನೂ ಬಂದಿಲ್ಲ. ವೃತ್ತಿಮೇಳಗಳಲ್ಲಿ ಗಂಡಸರ ಸಾಲಿನಲ್ಲಿ ಕೂತು ಹಾಡಿದ ಭಾಗವತೆ ಲೀಲಾವತಿ ಬೈಪಾಡಿತ್ತಾಯರ ಬಗ್ಗೆ ಬರೆದದ್ದನ್ನು ತೆಗೆದು ನೋಡಿ. 'ಮಹಿಳೆಯಾಗಿಯೂ' ಎಂಬ ಬೆರಗು ಎಷ್ಟೋ ಕಡೆ ಸಿಗುತ್ತದೆ. ಪದ್ಯವನ್ನು ಎಲ್ಲಿ ಎತ್ತಿದರು, ಅವರ ಶ್ರುತಿಗೆ ಮದ್ದಳೆ ಹೇಗೆ ಕೂಡಿತು, ಯುದ್ಧದ ಪದಕ್ಕೆ ಚೆಂಡೆ ಏರಿದಾಗ ಸಾಹಿತ್ಯ ಸ್ಪಷ್ಟವಾಗಿ ಕೇಳಿತೇ — ಇವನ್ನು ಬರೆದವರು ಕಡಿಮೆ. ಭಾಗವತಿಕೆಯನ್ನು ಭಾಗವತಿಕೆಯಾಗಿ ಅಳೆಯುವುದೇ ಅವರಿಗೆ ಸಲ್ಲಬೇಕಾದ ಗೌರವ. ತಪ್ಪಿದ್ದರೆ ತಪ್ಪು ಎನ್ನುವುದೂ ಅದರಲ್ಲಿ ಸೇರಿದೆ.

ಸಂಘಟಕರ ಶಾಲು ಹೊದೆದು ಬಂದ ರಾತ್ರಿಯೇ ವಿಮರ್ಶೆ ಬರೆಯುವವರಿಗೂ ಒಂದು ಮಾತು: ಸನ್ಮಾನ ಸ್ವೀಕರಿಸಿದ ಕೂಟದ ಬಗ್ಗೆ ಬರೆಯುವ ಕೆಲಸವನ್ನು ಬೇರೆಯವರಿಗೆ ಬಿಡಿ.

ಈ ಮಳೆಗಾಲ ಕೂಟಗಳ ಬರಹ ಕಳಿಸುವ ಓದುಗರು ಪೀಠಿಕೆ, ಅಧ್ಯಕ್ಷರ ಭಾಷಣ ಬಿಟ್ಟುಬಿಡಿ. ಎದುರು ಅರ್ಥಧಾರಿ ಕೇಳಿದ ಒಂದು ಪ್ರಶ್ನೆ, ಅದಕ್ಕೆ ಬಂದ ಉತ್ತರ, ನಡುವೆ ಮದ್ದಳೆ ಏನು ಮಾಡಿತು — ಇಷ್ಟನ್ನು ಬರೆದು ಕಳಿಸಿ. ಮದ್ದಳೆಗಾರರ ಹೆಸರು ಸರಿಯಾಗಿರಲಿ.