ಆಡಮ್ಸ್–ಜೆಫರ್ಸನ್ ಪತ್ರವ್ಯವಹಾರ: ಒಂದು ಪ್ರಾಮಾಣ್ಯವಿಚಾರ

ಗೋಪ್ಯವಾದ ಪತ್ರವೇ ಬರೆದವನ ನಿಜಾಭಿಪ್ರಾಯಕ್ಕೆ ಪರಮಪ್ರಮಾಣವೆಂದು ಬಗೆಯುವುದುಂಟು. ಅಮೆರಿಕದ ಜಾನ್ ಆಡಮ್ಸನ ಓಲೆಗಳಿಂದ ಈ ಮತವು ಶಿಥಿಲವಾಗುವುದು. 1800ರ ಅಧ್ಯಕ್ಷಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ನನಿಗೆ ಸೋತ ಆತನು, ಬಳಿಕ ಕನಿಂಗ್‌ಹ್ಯಾಮನೆಂಬ ಆಪ್ತನಿಗೆ ಗುಟ್ಟಾಗಿ ಬರೆಯುತ್ತ ಜೆಫರ್ಸನ್ನನನ್ನು ಕಟುವಾಗಿ ದೂಷಿಸಿದನು. 1812ರಲ್ಲಿ ಬೆಂಜಮಿನ್ ರಷ್‌ನ ಸಂಧಾನದಿಂದ ಅವರಿಬ್ಬರ ಪತ್ರಮೈತ್ರಿಯು ಮರಳಿ ಕೂಡಿತು. 1823ರಲ್ಲಿ ಕನಿಂಗ್‌ಹ್ಯಾಮನ ಮಗನು ಆ ಹಳೆಯ ಓಲೆಗಳನ್ನು ಅಚ್ಚುಹಾಕಿಸಿದನು. ಆಡಮ್ಸನ ಮಗನಿಗೆ ಅಧ್ಯಕ್ಷಪದವಿಯನ್ನು ತಪ್ಪಿಸುವುದೇ ಅದರ ಉದ್ದೇಶ. ಜೆಫರ್ಸನ್ನನಾದರೋ, ಅವುಗಳಿಂದ ಸ್ನೇಹವು ಕದಡದೆಂದು ಆ ವರ್ಷದ ಅಕ್ಟೋಬರಿನಲ್ಲಿ ಆಡಮ್ಸನಿಗೆ ಬರೆದನು. ದೂಷಿತನೇ ಇಲ್ಲಿ ಸಹೃದಯನಾದನು.

ವಕ್ತೃ, ಬೋದ್ಧವ್ಯ, ದೇಶ, ಕಾಲಗಳನ್ನರಿತು ವ್ಯಂಗ್ಯಾರ್ಥವನ್ನು ಗ್ರಹಿಸಬೇಕೆಂದು ಮಮ್ಮಟನು ಕಾವ್ಯಕ್ಕೆ ವಿಧಿಸಿದ ನಿಯಮವು ಪತ್ರಕ್ಕೂ ಸಲ್ಲುವುದು. ಸೋತವನ ಕೋಪವೂ ನಿಜ, 1826ರಲ್ಲಿ ಇಬ್ಬರೂ ಮೃತರಾಗುವವರೆಗೆ ನಡೆದ ಸ್ನೇಹವೂ ನಿಜ. ಒಂದನ್ನು ಹಿಡಿದು ಮತ್ತೊಂದನ್ನು ಕಪಟವೆನ್ನುವುದು ವಿಮರ್ಶೆಯೆನಿಸದು.