ಕಿರುತೆರೆಯ ಪ್ರಹಸನ: ‘ಕಾಮಿಡಿ ಕಿಲಾಡಿಗಳು’ — ಒಂದು ವಿಮರ್ಶೆ

ಹಾಸ್ಯವು ನಮ್ಮ ಇತಿಹಾಸಕಾರರಿಂದ ಬಹುಮಟ್ಟಿಗೆ ಉಪೇಕ್ಷಿತವಾದ ಆಕರವಾಗಿದೆ. ಅರಸರ ದಾನದತ್ತಿಗಳಿಗೆ ಶಾಸನಗಳುಂಟು, ಕಾಳಗಗಳಿಗೆ ವೀರಗಲ್ಲುಗಳುಂಟು, ಆದರೆ ಜನರು ಯಾವುದನ್ನು ಕಂಡು ನಕ್ಕರೆಂಬುದಕ್ಕೆ ದಾಖಲೆ ದೊರೆಯುವುದು ವಿರಳ. ಈ ದೃಷ್ಟಿಯಿಂದ, ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ಮೊದಲಾದ ‘ಕಾಮಿಡಿ ಕಿಲಾಡಿಗಳು’ ಪರಿಶೀಲನಾರ್ಹವಾದುದು. ಅದು ಪ್ರಸಾರವಾದ ಕಾಲದಲ್ಲಿ ನಾವು ನೋಡಿರಲಿಲ್ಲ. ಈಚೆಗೆ ಗುತ್ತಲದಲ್ಲಿ, ರಜೆಯ ದಿನಗಳಲ್ಲಿ, ಅಂತರಜಾಲದಲ್ಲಿ ದೊರೆತ ಸಂಚಿಕೆಗಳನ್ನು ಒಂದಾದ ಮೇಲೊಂದರಂತೆ, ನಿದ್ದೆಗೆಟ್ಟು ನೋಡಿದೆವು. ವಾರವಾರವೂ ನೋಡಿದವರಿಗೆ ಕೇವಲ ವಿನೋದವಾಗಿ ತೋರಿದುದು, ಹೀಗೆ ಒಟ್ಟಾಗಿ ನೋಡಿದವರಿಗೆ ಒಂದು ವಿನ್ಯಾಸವಾಗಿ ಗೋಚರಿಸುತ್ತದೆ.

ಈ ವಿನ್ಯಾಸವು ಹೊಸದಲ್ಲ. ದೊಡ್ಡಾಟದಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ಮಾತನಾಡಿಸಿ ಸಭೆಗೆ ಪರಿಚಯಿಸುವಂತೆ, ಇಲ್ಲಿ ನಿರೂಪಕರಾದ ಮಾಸ್ಟರ್ ಆನಂದ್ ಅವರು ಕಲಾವಿದನಿಗೂ ಪ್ರೇಕ್ಷಕನಿಗೂ ನಡುವೆ ನಿಲ್ಲುತ್ತಾರೆ. ಗಂಡ-ಹೆಂಡಿರ ಜಗಳ, ಹೆಣ್ಣು ನೋಡುವ ಶಾಸ್ತ್ರ, ಕುಡುಕನ ತರ್ಕ ಮೊದಲಾದ ಸನ್ನಿವೇಶಗಳು ಕಂಪನಿ ನಾಟಕಗಳ ಹಾಸ್ಯಪ್ರಸಂಗಗಳಿಂದ ನೇರವಾಗಿ ಇಳಿದು ಬಂದವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಜಾತ್ರೆಯ ನಾಟಕಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಒಂದು ವಿಷಯದಲ್ಲಿ ಹೊಸತನವುಂಟು. ಹನ್ನೆರಡು-ಹದಿಮೂರನೆಯ ಶತಮಾನಗಳಲ್ಲಿ ಈ ಗುತ್ತಲದಿಂದ ಆಳಿದ ಗುತ್ತರು ತಮ್ಮ ಹಿರಿಮೆಗಾಗಿ ದೂರದ ಉಜ್ಜಯಿನಿಯ ಹೆಸರನ್ನು ಹೇಳಿಕೊಂಡರು. ಮೊದಲನೆಯ ಆವೃತ್ತಿಯಲ್ಲಿ ಗೆದ್ದ ಶಿವರಾಜ್ ಕೆ.ಆರ್. ಪೇಟೆಯವರಾದರೋ ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರನ್ನೇ ತಮ್ಮ ಬಿರುದಾಗಿಸಿಕೊಂಡರು. ಸಣ್ಣ ಊರು ಸಂಕೋಚದ ವಸ್ತುವಾಗದೆ ಹೆಮ್ಮೆಯ ಗುರುತಾದುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಗುಣದೋಷಗಳ ವಿಚಾರ. ಭರತನು ಹಾಸವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಕೊನೆಯ ಎರಡನ್ನು ಅಧಮ ಪ್ರಕೃತಿಯವರಿಗೆ ಸಲ್ಲಿಸಿದ್ದಾನೆ. ಇಲ್ಲಿ ತೀರ್ಪುಗಾರರಾದ ಜಗ್ಗೇಶ್, ರಕ್ಷಿತಾ, ಯೋಗರಾಜ ಭಟ್ಟರ ನಗೆಯನ್ನು ಕ್ಯಾಮರಾ ಪದೇ ಪದೇ ತೋರಿಸುವುದರಿಂದ, ನಮ್ಮಲ್ಲಿ ಸ್ಮಿತವು ಮೂಡುವ ಮೊದಲೇ ಪರದೆಯ ಮೇಲೆ ಅತಿಹಸಿತವು ಸಿದ್ಧವಾಗಿರುತ್ತದೆ. ಪ್ರೇಕ್ಷಕನ ಸ್ವಾತಂತ್ರ್ಯಕ್ಕೆ ಇದು ಕುಂದು. ವಿಕೃತ ವೇಷವನ್ನೂ ಅಂಗವಿಕಾರದ ದರ್ಶನವನ್ನೂ ಭರತನು ಹಾಸ್ಯದ ವಿಭಾವಗಳಲ್ಲಿ ಎಣಿಸಿರುವನಾದರೂ, ಗಂಡಸಿಗೆ ಸೀರೆಯುಡಿಸಿದ ಮಾತ್ರಕ್ಕೆ, ದೇಹದ ಗಾತ್ರವನ್ನು ಹಳಿದ ಮಾತ್ರಕ್ಕೆ ಪ್ರಹಸನವು ಪೂರ್ಣವಾಗದು.

ಭಾಷೆಯ ಪ್ರಶ್ನೆಯು ಇನ್ನೂ ಗಂಭೀರವಾದುದು. ಉತ್ತರ ಕರ್ನಾಟಕದ ಮಾತು ಕೆಲವೆಡೆ ಪಾತ್ರದ ಚತುರತೆಯನ್ನು ಹೊತ್ತು ತರುತ್ತದೆ. ಅಲ್ಲಿ ನಾವು ಪಾತ್ರದೊಡನೆ ನಗುತ್ತೇವೆ. ಮತ್ತೆ ಕೆಲವೆಡೆ ಆ ಮಾತಿನ ರಾಗವೇ ನಗೆಗೆ ಕಾರಣವಾಗುತ್ತದೆ. ಅಲ್ಲಿ ಪಾತ್ರವನ್ನು ಕಂಡು ನಗುತ್ತೇವೆ. ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಲು ಅಂಜುವ ನಮ್ಮ ವಿದ್ಯಾರ್ಥಿಗೆ ಈ ಭೇದವು ಪುಸ್ತಕದ ಭೇದವಲ್ಲ. ತನ್ನ ತಾಯಿಯಾಡುವ ಮಾತು ಜಾಣನ ಮಾತೋ ಪೆದ್ದನ ಮಾತೋ ಎಂಬುದನ್ನು ಅವನು ಇಂಥ ಕಡೆಗಳಲ್ಲಿಯೇ ಕಲಿಯುತ್ತಾನೆ.

ತಡವಾಗಿ ನೋಡುವವನಿಗೆ ಇನ್ನೊಂದು ಅನುಭವವುಂಟು. ಮೂರನೆಯ ಆವೃತ್ತಿಯಲ್ಲಿ ಗೆದ್ದ ಉಡುಪಿ ಕಡೆಯ ರಾಕೇಶ್ ಪೂಜಾರಿಯವರು 2025ರ ಮೇ ತಿಂಗಳಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರು ಅಭಿನಯಿಸಿದ ‘ಕಾಂತಾರ: ಅಧ್ಯಾಯ 1’ ತೆರೆಗೆ ಬಂದುದು ಅದೇ ವರ್ಷದ ಅಕ್ಟೋಬರಿನಲ್ಲಿ. ಅವರ ಹಳೆಯ ಸಂಚಿಕೆಗಳನ್ನು ಈಗ ನೋಡುವಾಗಲೂ ನಗೆ ತಡೆಯದು. ಆ ನಗೆಯ ಬೆನ್ನಿಗೇ ಹಾಸ್ಯವು ಕರುಣಕ್ಕೆ ತಿರುಗುತ್ತದೆ. ಕಂಪನಿಕಾಲದ ಎಷ್ಟೋ ಹಾಸ್ಯನಟರ ಕಲೆ ಅವರೊಡನೆಯೇ ಅಳಿಯಿತು, ಇವರದು ಉಳಿದಿದೆ.

ಉಳಿದುದೆಲ್ಲವೂ ಸುರಕ್ಷಿತವೆಂದು ಭಾವಿಸಲಾಗದು. ವಾಹಿನಿಗಳು ತಮ್ಮ ಸೌಕರ್ಯಕ್ಕೆ ತಕ್ಕಂತೆ ಇಡುತ್ತವೆ, ತೆಗೆಯುತ್ತವೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಒಂದೊಂದು ಪ್ರಹಸನದ ವಸ್ತು, ಪಾತ್ರ, ಆಡುನುಡಿ, ನಗೆಯ ಕಾರಣ ಇವುಗಳನ್ನು ಕ್ರಮವಾಗಿ ಬರೆದಿಡತಕ್ಕದ್ದೆಂಬುದು ನಮ್ಮ ಮತ. ಮುಂದೆ ನಮ್ಮ ಕಾಲದ ಚರಿತ್ರೆಯನ್ನು ಬರೆಯುವವನಿಗೆ ಅದು ಶಾಸನದಷ್ಟೇ ಉಪಯುಕ್ತವಾದೀತು.